ಹಲ್ಲಿನ ಕಲೆ, ಬೆನ್ನಿನ ಬಿಗಿತ

ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಿಂದ ಸೋದರಿಯೊಬ್ಬರು ಬರೆದ ಕಾಗದ ನನ್ನ ಮೇಜಿನ ಮೇಲಿದೆ. ನಾಲ್ಕು ಪುಟಗಳ ಕಾಗದ. ಅದರಲ್ಲಿ ಮೂರೂವರೆ ಪುಟ ಅವರ ಹದಿನಾಲ್ಕು ವರ್ಷದ ಮಗಳ ಹಲ್ಲುಗಳನ್ನು ಕುರಿತದ್ದು. ಹುಡುಗಿಯ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಕಂದುಬಣ್ಣದ ಪಟ್ಟೆಗಳು ಮೂಡಿವೆ. ಬೇವಿನ ಕಡ್ಡಿ, ಇದ್ದಿಲ ಪುಡಿ, ಉಪ್ಪು, ಪೇಟೆಯ ಪೇಸ್ಟು ಎಲ್ಲವೂ ಆಗಿವೆ. ಕೊನೆಗೆ ಯಾರದೋ ಮಾತು ಕೇಳಿ ಇಟ್ಟಿಗೆಯ ಪುಡಿಯಿಂದ ಉಜ್ಜಿಕೊಂಡು ವಸಡಿನಲ್ಲಿ ರಕ್ತ ಬರಿಸಿಕೊಂಡಿದ್ದಾಳೆ. ಹಲ್ಲುಜ್ಜದ ಸೋಮಾರಿಯೆಂದು ಅಜ್ಜಿ ಗದರಿಸುತ್ತಾರೆ. ಶಾಲೆಯಲ್ಲಿ ಜೊತೆಯವರು ಆಡಿಕೊಳ್ಳುತ್ತಾರೆ. “ನಗು ಬಂದರೆ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಈಗ ನಗುವುದನ್ನೇ ಬಿಟ್ಟಿದ್ದಾಳೆ” ಎಂದು ತಾಯಿ ಬರೆದಿದ್ದಾರೆ.

ಉಳಿದ ಅರ್ಧ ಪುಟದಲ್ಲಿ ಮನೆಯ ಇತರ ಸಮಾಚಾರವಿದೆ. “ನಮ್ಮ ಮಾವನವರಿಗೆ ಎರಡು ವರ್ಷದಿಂದ ಕತ್ತು ತಿರುಗುವುದಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕು. ವಾಯು ಎಂದು ಎಣ್ಣೆ ತಿಕ್ಕುತ್ತಿದ್ದೇವೆ. ವಯಸ್ಸಾಯಿತು, ಅದು ಬೇರೆ ಮಾತು.” ಮೂರು ವರ್ಷದ ಗಂಡುಮಗುವೊಂದು ಇದೆಯೆಂದೂ, ಅವನ ಹಲ್ಲುಗಳು ಮಾತ್ರ ಮಲ್ಲಿಗೆಯ ಮೊಗ್ಗಿನಂತಿವೆಯೆಂದೂ ಬರೆದು ಮುಗಿಸಿದ್ದಾರೆ.

ಹುಡುಗಿಯನ್ನಾಗಲಿ ಆಕೆಯ ತಾತನನ್ನಾಗಲಿ ನಾನು ಕಣ್ಣಾರೆ ಕಂಡಿಲ್ಲ. ಕಾಗದ ಓದಿ ರೋಗ ನಿರ್ಣಯ ಮಾಡುವುದು ವೈದ್ಯನಿಗೆ ತಕ್ಕುದಲ್ಲ. ಆದರೂ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಯಿಂದ ಬರುವ ಇಂಥ ಕಾಗದವನ್ನು ಓದಿದಾಗ, ಮೊಮ್ಮಗಳ ಹಲ್ಲು ಒಂದು ಮಾತು, ತಾತನ ಕತ್ತು ಬೇರೆ ಮಾತು ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಇಬ್ಬರೂ ಒಂದೇ ಕೊಡದ ನೀರನ್ನು ಕುಡಿಯುತ್ತಿದ್ದಾರೆ. ಆ ಕೊಡದಲ್ಲಿ ಫ್ಲೋರೈಡ್ ಎಂಬ ಲವಣ ಮಿತಿಮೀರಿ ಇದ್ದಲ್ಲಿ, ಎಳೆಯರಲ್ಲಿ ಅದು ಹಲ್ಲಿನ ಮೇಲೆ ಕಾಣಿಸಿಕೊಳ್ಳುತ್ತದೆ. ಹಿರಿಯರಲ್ಲಿ ಮೂಳೆಯನ್ನು ಹಿಡಿಯುತ್ತದೆ. ಈ ವ್ಯಾಧಿಗೆ ಫ್ಲೋರೋಸಿಸ್ ಎಂದು ಹೆಸರು.

ಮೊದಲು ಹಲ್ಲಿನ ವಿಚಾರ. ನಮ್ಮ ಶರೀರದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಸ್ತು ಹಲ್ಲಿನ ಹೊರಪದರವಾದ ಎನಾಮಲ್. ಅದನ್ನು ಕಟ್ಟುವ ಕೆಲಸ ದವಡೆಯ ಒಳಗೆ, ಹಲ್ಲು ಹೊರಬರುವುದಕ್ಕೆ ವರ್ಷಗಟ್ಟಲೆ ಮುಂಚೆಯೇ ನಡೆಯುತ್ತದೆ. ವಿಶೇಷ ಜೀವಕಣಗಳು ಮೊದಲು ಸಸಾರಜನಕದ ಒಂದು ಅಚ್ಚನ್ನು ಹಾಸುತ್ತವೆ. ಬಳಿಕ ಆ ಅಚ್ಚನ್ನು ಕರಗಿಸಿ ತೆಗೆಯುತ್ತ, ತೆರವಾದ ಎಡೆಯಲ್ಲಿ ಸುಣ್ಣ ಮತ್ತು ರಂಜಕದ ಹರಳುಗಳನ್ನು ಒತ್ತೊತ್ತಾಗಿ ಜೋಡಿಸುತ್ತವೆ. ಸಾರಣೆ ಮುಗಿಸಿದ ಗಾರೆಯವರು ಕರಣೆ ಕೆಳಗಿಟ್ಟು ಹೋಗುವಂತೆ, ಹಲ್ಲು ಬಾಯಿಗೆ ಬರುವ ವೇಳೆಗೆ ಆ ಜೀವಕಣಗಳು ಇಲ್ಲವಾಗಿರುತ್ತವೆ. ಆದುದರಿಂದಲೇ ಎನಾಮಲ್ ಒಮ್ಮೆ ಕೆಟ್ಟಿತೆಂದರೆ ಶರೀರವು ಅದನ್ನು ತಾನಾಗಿ ಮತ್ತೆ ಕಟ್ಟಲಾರದು. ಚರ್ಮಕ್ಕೆ ಗಾಯವಾದರೆ ಮಾಯುತ್ತದೆ, ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಹಲ್ಲಿನ ಈ ಪದರಕ್ಕೆ ಆ ಭಾಗ್ಯವಿಲ್ಲ.

ಮಗುವಿನ ರಕ್ತದಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಅಚ್ಚನ್ನು ತೆಗೆಯುವ ಕೆಲಸ ಸಲೀಸಾಗಿ ಸಾಗದು. ಹರಳುಗಳ ನಡುವೆ ಕಣ್ಣಿಗೆ ಕಾಣದ ಸಂದುಗಳು ಉಳಿದುಬಿಡುತ್ತವೆ. ಹಲ್ಲು ಹೊರಬಂದಾಗ ಅಲ್ಲಲ್ಲಿ ಸೀಮೆಸುಣ್ಣದಂತೆ ಬಿಳುಪಾಗಿ, ಹೊಳಪಿಲ್ಲದೆ ಕಾಣುತ್ತದೆ. ಮುಂದೆ ಚಹಾ, ಸಾರು, ಅಡಕೆಗಳ ಬಣ್ಣ ಆ ಸಂದುಗಳಲ್ಲಿ ಇಳಿದು ಹಳದಿಯಾಗಿ, ಕಂದಾಗಿ ನಿಲ್ಲುತ್ತದೆ. ತೀವ್ರವಾದ ಸಂದರ್ಭದಲ್ಲಿ ಮೇಲ್ಮೈ ಕುಳಿಬಿದ್ದು ಚಕ್ಕೆಯೇಳುವುದೂ ಉಂಟು. ಹೀಗೆ ಒಳಗಿನ ಪದರದಲ್ಲಿ ಕುಳಿತ ಬಣ್ಣವನ್ನು ಹೊರಗಿನಿಂದ ಇಟ್ಟಿಗೆಯ ಪುಡಿ ಹಾಕಿ ಉಜ್ಜಿದರೆ ಉಳಿದಿರುವ ಎನಾಮಲ್ಲೂ ಸವೆಯುವುದೇ ಹೊರತು ಕಲೆ ಹೋಗುವುದಿಲ್ಲ. ಈ ಹುಡುಗಿ ಸೋಮಾರಿಯಲ್ಲ. ಆಕೆಯ ಹಲ್ಲಿಗೆ ಈ ಗತಿ ಬಂದದ್ದು ಹಲ್ಲುಜ್ಜುವ ಕಡ್ಡಿಯನ್ನು ಕೈಯಲ್ಲಿ ಹಿಡಿಯುವುದಕ್ಕೂ ಮೊದಲಿನ ವಯಸ್ಸಿನಲ್ಲಿ. ಕಾಗದದ ಈ ಭಾಗವನ್ನು ತಾಯಿಯವರು ದಯವಿಟ್ಟು ಅಜ್ಜಿಗೆ ಓದಿ ಹೇಳಬೇಕು.

ಇದನ್ನು ಇತರ ಕಲೆಗಳಿಂದ ಬೇರ್ಪಡಿಸಿ ಗುರುತಿಸುವುದು ಹೇಗೆಂದು ಕೆಲವರು ಕೇಳಬಹುದು. ಕೊಳೆ ಮತ್ತು ಹೊಗೆಸೊಪ್ಪಿನ ಕರೆ ಸಾಮಾನ್ಯವಾಗಿ ವಸಡಿನ ಅಂಚಿನಲ್ಲಿ, ಹಲ್ಲಿನ ಸಂದಿಯಲ್ಲಿ ಕೂಡುತ್ತದೆ. ಹುಳುಕು ಯಾವುದೋ ಒಂದು ಹಲ್ಲನ್ನು ಹಿಡಿದು ಕಪ್ಪು ಕುಳಿಯಾಗುತ್ತದೆ. ಫ್ಲೋರೋಸಿಸ್ಸಿನ ಪಟ್ಟೆಯಾದರೋ ವಸಡಿನಿಂದ ದೂರವಾಗಿ, ಹಲ್ಲಿನ ಮೈಮೇಲೆ ಅಡ್ಡಲಾಗಿ, ಎಡಬಲದ ಜೋಡಿ ಹಲ್ಲುಗಳೆರಡರಲ್ಲಿಯೂ ಒಂದೇ ತೆರನಾಗಿ ಇರುತ್ತದೆ. ದವಡೆಯಲ್ಲಿ ಜೋಡಿ ಹಲ್ಲುಗಳು ಒಂದೇ ಕಾಲದಲ್ಲಿ ಬೆಳೆಯುವುದೇ ಇದಕ್ಕೆ ಕಾರಣ.

ಈ ಕಲೆಗೂ ನೀರಿಗೂ ಗಂಟು ಹಾಕಲು ಲೋಕಕ್ಕೆ ಮೂವತ್ತು ವರ್ಷ ಹಿಡಿಯಿತು. ೧೯೦೧ರಲ್ಲಿ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ವೃತ್ತಿಗಾಗಿ ಬಂದ ಫ್ರೆಡರಿಕ್ ಮೆಕೆ ಎಂಬ ತರುಣ ದಂತವೈದ್ಯನು ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳೆಲ್ಲ ಕಂದಾಗಿರುವುದನ್ನು ಕಂಡು ಬೆರಗಾದನು. ನೀರಿನ ಮೇಲೆ ಅವನಿಗೆ ಶಂಕೆ ಇತ್ತು. ಆದರೆ ಅಂದಿನ ಪರೀಕ್ಷೆಗಳಿಗೆ ನೀರಿನಲ್ಲಿ ಏನೂ ಸಿಗಲಿಲ್ಲ. ೧೯೩೧ರಲ್ಲಿ ಒಂದು ಅಲ್ಯುಮಿನಿಯಂ ಕಂಪನಿಯ ರಸಾಯನಶಾಸ್ತ್ರಜ್ಞ ಚರ್ಚಿಲ್ ಎಂಬುವನು ಫ್ಲೋರೈಡನ್ನು ಪತ್ತೆ ಹಚ್ಚಿದ ಮೇಲೆಯೇ ಗುಟ್ಟು ಹೊರಬಿದ್ದಿತು. ಆ ವಿಜ್ಞಾನಿಗಳು ಅಲ್ಲಿ ಮುಖ್ಯವಾಗಿ ಹಲ್ಲನ್ನು ನೋಡಿದರು. ಮೂಳೆಯನ್ನೂ ನೋಡಬೇಕಾಗಿ ಬಂದುದು ನಮ್ಮ ದೇಶದಲ್ಲಿ. ೧೯೩೭ರಲ್ಲಿ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ನೆಲ್ಲೂರು ಜಿಲ್ಲೆಯಲ್ಲಿ, ಬೆನ್ನು ಮರಗಟ್ಟಿ ಸೆಟೆದುಹೋದ ರೈತರ ವೃತ್ತಾಂತವನ್ನು ಶಾರ್ಟ್ ಮತ್ತು ಅವರ ಸಂಗಡಿಗರು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿಯೂ ಕಾರಣ ಬಾವಿಯ ನೀರೇ ಆಗಿತ್ತು.

ಮೂಳೆಯೆಂದರೆ ಮನೆಗೆ ನಿಲ್ಲಿಸಿದ ಕಲ್ಲುಕಂಬದಂತೆ, ಒಮ್ಮೆ ನಿಂತರೆ ಹಾಗೆಯೇ ಇರುವಂಥದೆಂಬ ಭಾವನೆ ಜನರಲ್ಲಿ ಸಾಮಾನ್ಯ. ಅದು ಸರಿಯಲ್ಲ. ಮೂಳೆ ಜೀವಂತವಾದ ಅಂಗ. ಅದರಲ್ಲಿ ಹಳೆಯದನ್ನು ಕೆಡವುವ ಜೀವಕಣಗಳು ಒಂದು ಪಂಗಡ, ಹೊಸದನ್ನು ಕಟ್ಟುವವು ಇನ್ನೊಂದು ಪಂಗಡ. ಬೆಳೆದ ಮನುಷ್ಯನ ಅಸ್ಥಿಪಂಜರದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಪ್ರತಿ ವರ್ಷವೂ ಹೀಗೆ ಹೊಸತಾಗುತ್ತಿರುತ್ತದೆ. ರಕ್ತದಲ್ಲಿ ಸುಣ್ಣದ ಅಂಶ ಕಡಮೆಯಾದರೆ ಮೂಳೆಯಿಂದ ಎರವಲು ಬರುತ್ತದೆ, ಹೆಚ್ಚಾದರೆ ಅಲ್ಲಿಗೇ ಜಮೆಯಾಗುತ್ತದೆ. ಶರೀರದ ಉಗ್ರಾಣವೇ ಅದು.

ನಾವು ಕುಡಿದ ನೀರಿನಲ್ಲಿರುವ ಫ್ಲೋರೈಡಿನ ಬಹುಭಾಗ ಜಠರ ಮತ್ತು ಕರುಳುಗಳ ಮೂಲಕ ಬೇಗನೆ ರಕ್ತಕ್ಕೆ ಸೇರುತ್ತದೆ. ಮೂತ್ರಪಿಂಡಗಳು ಆರೋಗ್ಯವಾಗಿರುವ ವಯಸ್ಕನಲ್ಲಿ ಸುಮಾರು ಅರ್ಧದಷ್ಟು ಮೂತ್ರದೊಡನೆ ಹೊರಕ್ಕೆ ಹೋಗುತ್ತದೆ. ಉಳಿದುದನ್ನು ಮೂಳೆ ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಬೆಳೆಯುವ ಮಕ್ಕಳ ಮೂಳೆಗೆ ಹಸಿವು ಹೆಚ್ಚು. ಅವರಲ್ಲಿ ಒಳಗೆ ಉಳಿಯುವ ಪಾಲೂ ಹೆಚ್ಚು. ಶರೀರದಲ್ಲಿ ನಿಂತ ಫ್ಲೋರೈಡಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಇರುವುದು ಮೂಳೆ ಹಲ್ಲುಗಳಲ್ಲಿಯೇ. ಮೂಳೆಯ ಹರಳಿನಲ್ಲಿ ಜಲಜನಕ ಆಮ್ಲಜನಕಗಳು ಜೊತೆಯಾಗಿ ಕುಳಿತಿರುವ ಒಂದು ಸ್ಥಾನವುಂಟು. ಫ್ಲೋರೈಡ್ ಅವನ್ನು ಎಬ್ಬಿಸಿ ತಾನು ಕೂಡುತ್ತದೆ. ಕುಳಿತ ಮೇಲೆ ಸುಲಭವಾಗಿ ಏಳುವುದಿಲ್ಲ. ಅಷ್ಟೇ ಆಗಿದ್ದರೆ ಚಿಂತೆ ಇರುತ್ತಿರಲಿಲ್ಲ. ಅದು ಮೂಳೆ ಕಟ್ಟುವ ಜೀವಕಣಗಳನ್ನು ಕೆರಳಿಸುತ್ತದೆ. ಅವು ಬೇಡವಾದ ಕಡೆಯಲ್ಲೆಲ್ಲ ಮೂಳೆ ಕಟ್ಟತೊಡಗುತ್ತವೆ. ಮೂಳೆ ದಪ್ಪವಾಗುತ್ತದೆ, ಕ್ಷ-ಕಿರಣದ ಚಿತ್ರದಲ್ಲಿ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ. ಆದರೆ ಕಟ್ಟಡ ಹದವಾಗಿರುವುದಿಲ್ಲ. ಮೂಳೆಗೆ ಮೂಳೆಯನ್ನು ಬಿಗಿಯುವ ಅಸ್ಥಿಬಂಧಗಳು ಹಗ್ಗದಂತೆ ಬಳುಕಬೇಕಾದವು. ಅವುಗಳಲ್ಲಿಯೂ ಸುಣ್ಣ ತುಂಬಿ ಅವು ಕೋಲಿನಂತಾಗುತ್ತವೆ. ಮುಂಗೈಯ ಎರಡು ಮೂಳೆಗಳ ನಡುವಣ ತೆಳು ಪೊರೆಯಲ್ಲಿ ಹೀಗೆ ಸುಣ್ಣಗಟ್ಟಿರುವುದು ಚಿತ್ರದಲ್ಲಿ ಕಂಡಿತೆಂದರೆ ವೈದ್ಯರಿಗೆ ಸಂದೇಹ ಬಹುಮಟ್ಟಿಗೆ ಪರಿಹಾರವಾದಂತೆ.

ರೋಗ ಬರುವುದು ಸದ್ದಿಲ್ಲದೆ, ಹತ್ತಾರು ವರ್ಷಗಳಲ್ಲಿ. ಮೊದಲು ಕೈಕಾಲುಗಳಲ್ಲಿ ಜೋಮು, ಕೀಲುಗಳಲ್ಲಿ ಅಸ್ಪಷ್ಟವಾದ ನೋವು. ಬಳಿಕ ಕತ್ತು, ಆಮೇಲೆ ಸೊಂಟ ಬಿಗಿಯುತ್ತವೆ. ಕೊನೆಕೊನೆಗೆ ಬೆನ್ನುಮೂಳೆಯೆಲ್ಲ ಒಂದೇ ಬೊಂಬಿನಂತಾಗಿ ಮನುಷ್ಯ ಬಾಗಿದವನು ಬಾಗಿದಂತೆಯೇ ಉಳಿಯುತ್ತಾನೆ. ಬೆನ್ನುಮೂಳೆಯ ಓಣಿಯಲ್ಲಿ ಹಾದುಹೋಗುವ ನರಗಳ ಹುರಿಯನ್ನು ಬೆಳೆದ ಮೂಳೆ ಅದುಮಿದರೆ ಕಾಲುಗಳ ಶಕ್ತಿಯೇ ಉಡುಗಿಹೋಗುವ ಸಂಭವವೂ ಇದೆ. ಈ ಹಂತಗಳಲ್ಲಿ ಯಾವುದನ್ನು ಕಂಡರೂ ನಮ್ಮ ಜನ ವಾಯು ಎನ್ನುತ್ತಾರೆ, ವಯಸ್ಸು ಎನ್ನುತ್ತಾರೆ, ಹೆಚ್ಚೆಂದರೆ ಹಣೆಬರಹ ಎನ್ನುತ್ತಾರೆ. ಐವತ್ತು ವರ್ಷಕ್ಕೆ ಕತ್ತು ತಿರುಗದಿರುವುದು ವಯಸ್ಸಲ್ಲ.

ಇನ್ನೊಂದು ಅಪಾಯದ ಕಡೆಗೆ ಬೆರಳು ತೋರಿಸಬೇಕಾಗಿದೆ. ನೋವು ತಾಳಲಾರದೆ ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವವರನ್ನು ನಾನು ಬಹಳವಾಗಿ ಕಂಡಿದ್ದೇನೆ. ಅಂಥ ಮಾತ್ರೆಗಳ ದೀರ್ಘಕಾಲದ ಸೇವನೆಯಿಂದ ಮೂತ್ರಪಿಂಡಗಳು ಕೆಡಬಹುದು. ಫ್ಲೋರೈಡ್ ಹೊರಕ್ಕೆ ಹೋಗಲು ಇರುವ ಮುಖ್ಯವಾದ ಬಾಗಿಲೇ ಮೂತ್ರಪಿಂಡ. ಬಾಗಿಲು ಕಿರಿದಾದಷ್ಟೂ ಒಳಗೆ ಉಳಿಯುವುದು ಹೆಚ್ಚು, ನೋವು ಹೆಚ್ಚು, ಮಾತ್ರೆಯೂ ಹೆಚ್ಚು.

ಹಾಗಾದರೆ ಈ ವಿಷ ನಮ್ಮ ಸೀಮೆಯ ನೀರಿಗೆ ಬಂದುದೆಲ್ಲಿಂದ? ಕಾರ್ಖಾನೆಯಿಂದಲ್ಲ, ಯಾರೋ ಬೆರೆಸಿದ್ದೂ ಅಲ್ಲ. ಅದು ನಮ್ಮ ಕಾಲಕೆಳಗಿನ ಬಂಡೆಯಲ್ಲಿಯೇ ಇದೆ. ಕಣಶಿಲೆಯಲ್ಲಿ ಹೊಳೆಯುವ ಕಪ್ಪು ಕಾಗೆಬಂಗಾರ, ಅಪಟೈಟ್, ಫ್ಲೋರೈಟ್ ಮೊದಲಾದ ಖನಿಜಗಳಲ್ಲಿ ಫ್ಲೋರೈಡ್ ಅಡಗಿರುತ್ತದೆ. ಬಂಡೆಯ ಬಿರುಕಿನಲ್ಲಿ ನೀರು ದೀರ್ಘಕಾಲ ನಿಂತಷ್ಟೂ ಅದನ್ನು ಹೆಚ್ಚಾಗಿ ಕರಗಿಸಿಕೊಳ್ಳುತ್ತದೆ. ವರ್ಷಕ್ಕೆ ಅರುನೂರು ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ಸೀಮೆ ಇದು. ಒಳಗಿನ ನೀರನ್ನು ತೊಳೆದು ಹೊಸದು ಮಾಡುವಷ್ಟು ಮಳೆಯಿಲ್ಲ. ನಮ್ಮ ಅಜ್ಜಂದಿರು ಕೆರೆಯ ಕೆಳಗಿನ ತೆರೆದ ಬಾವಿಯಲ್ಲಿ, ಹಿಂದಿನ ಮಳೆಗಾಲದ ನೀರನ್ನು ಸೇದುತ್ತಿದ್ದರು. ಕೆರೆಗಳು ಹೂಳು ತುಂಬಿ ಬಾವಿಗಳು ಬತ್ತಿದ ಮೇಲೆ ನಾವು ಕೊಳವೆಬಾವಿ ಕೊರೆಸಿದೆವು. ಹೊಳಲ್ಕೆರೆ, ಹೊಸದುರ್ಗಗಳ ಅಡಕೆ ತೆಂಗಿನ ತೋಟಗಳಿಗಾಗಿ ಐನೂರು, ಎಂಟುನೂರು ಅಡಿಗೆ ಇಳಿದೆವು. ಅಲ್ಲಿ ದೊರೆತುದು ಬಂಡೆಯೊಡನೆ ಬಹುಕಾಲ ಬಾಳುವೆ ಮಾಡಿದ ನೀರು. ಜಿಲ್ಲೆಯ ಎಲ್ಲ ಕೊಳವೆಬಾವಿಗಳೂ ಹೀಗೆಂದು ಹೇಳಲಾಗದು. ಒಂದೇ ಊರಿನ ಎರಡು ಕೊಳವೆಬಾವಿಗಳಲ್ಲಿ ಒಂದರ ನೀರು ಕುಡಿಯಲು ತಕ್ಕುದಾಗಿದ್ದು ಇನ್ನೊಂದರದು ಕೆಟ್ಟಿರುವುದುಂಟು. ಆದುದರಿಂದ ಪಕ್ಕದ ಊರಿನ ಸುದ್ದಿ ಕೇಳಿ ಹೆದರುವುದೂ ಬೇಡ, ಧೈರ್ಯ ತಾಳುವುದೂ ಬೇಡ.

ನಾಲಿಗೆಯನ್ನು ನಂಬಬೇಡಿ. ಫ್ಲೋರೈಡಿಗೆ ಈ ಪ್ರಮಾಣದಲ್ಲಿ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರನ್ನು ಸಿಹಿನೀರು, ಸವಳುನೀರು ಎಂದು ಎರಡೇ ಬಗೆಯಾಗಿ ವಿಂಗಡಿಸುವ ಪದ್ಧತಿ ನಮ್ಮದು. ಬೇಳೆ ಬೇಗ ಬೇಯುವ, ಸಾಬೂನು ಚೆನ್ನಾಗಿ ನೊರೆಗಟ್ಟುವ ನೀರು ಒಳ್ಳೆಯದು, ಪಾತ್ರೆಯಲ್ಲಿ ಸುಣ್ಣ ಕಟ್ಟುವ ಗಡಸು ನೀರು ಕೆಟ್ಟದ್ದು ಎಂದು ಎಲ್ಲರೂ ತಿಳಿದಿದ್ದಾರೆ. ವಿಚಿತ್ರವೇನೆಂದರೆ, ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಅದು ಫ್ಲೋರೈಡಿನೊಡನೆ ಸೇರಿ ತಳಕ್ಕೆ ಇಳಿಯುವ ಪ್ರವೃತ್ತಿಯುಳ್ಳದ್ದು; ಸುಣ್ಣ ಕಡಮೆಯಿದ್ದು ಸೋಡದ ಅಂಶ ಹೆಚ್ಚಿರುವ ಮೆದು ನೀರಿನಲ್ಲಿ ಫ್ಲೋರೈಡ್ ನಿರಾತಂಕವಾಗಿ ಕರಗಿರುತ್ತದೆ. ಊರಿನವರೆಲ್ಲ ಸಿಹಿಯೆಂದು ಕೊಂಡಾಡಿ ಸಾಲುಗಟ್ಟಿ ಹಿಡಿಯುವ ನೀರೇ ದೋಷಿಯಾಗಿರುವ ಸಂಭವ ಉಂಟು. ಗಡಸು ನೀರೆಲ್ಲ ನಿರ್ದೋಷಿಯೆಂದು ಇದರಿಂದ ಅರ್ಥ ಮಾಡಬಾರದು. ನಿಜ ತಿಳಿಯಬೇಕಾದರೆ ಪರೀಕ್ಷೆಯೊಂದೇ ದಾರಿ.

ಮಿತಿ ಎಷ್ಟು? ಒಂದು ಲೀಟರು ನೀರಿನಲ್ಲಿ ೧ ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಅಡ್ಡಿಯಿಲ್ಲವೆಂದೂ, ಬೇರೆ ನೀರು ದೊರೆಯದಲ್ಲಿ ೧.೫ ಮಿಲಿಗ್ರಾಮಿನವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ಗೊತ್ತುಪಡಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯೂ ೧.೫. ಸ್ವಲ್ಪ ಪ್ರಮಾಣದ ಫ್ಲೋರೈಡ್ ಹುಳುಕನ್ನು ತಡೆಯುತ್ತದೆಂಬುದು ಸತ್ಯ. ಫ್ಲೋರೈಡ್ ಕಡಮೆಯಿರುವ ದೇಶಗಳಲ್ಲಿ ಅದನ್ನು ನೀರಿಗೆ ಬೆರೆಸುವುದೂ ಉಂಟು. ೧೯೪೫ರಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ ಆ ಕ್ರಮ ಮೊದಲಾಯಿತು. ಆದರೆ ಅಲ್ಲಿನ ಗುಮಾಸ್ತೆ ದಿನಕ್ಕೆ ಕುಡಿಯುವ ನೀರಿಗೂ, ಹಿರಿಯೂರಿನ ಬಿಸಿಲಿನಲ್ಲಿ ಕಡಲೆಕಾಯಿ ಕೀಳುವ ಆಳು ಕುಡಿಯುವ ನೀರಿಗೂ ಎಲ್ಲಿಯ ಹೋಲಿಕೆ? ಲೀಟರಿಗೆ ೩.೫ ಮಿಲಿಗ್ರಾಂ ಇರುವ ನೀರನ್ನು ಆ ಆಳು ದಿನಕ್ಕೆ ನಾಲ್ಕು ಲೀಟರು ಕುಡಿದನೆಂದು ಇಟ್ಟುಕೊಳ್ಳಿ. ೧೪ ಮಿಲಿಗ್ರಾಂ ಆಯಿತು. ದಿನಕ್ಕೆ ಒಟ್ಟು ೧೪ ಮಿಲಿಗ್ರಾಂ ಸೇರಿದಲ್ಲಿ ಮೂಳೆಗೆ ಹಾನಿ ಖಂಡಿತವೆಂದೂ, ೬ನ್ನು ದಾಟಿದಾಗಲೇ ಶಂಕೆಗೆ ಕಾರಣವುಂಟೆಂದೂ ವಿಶ್ವ ಆರೋಗ್ಯ ಸಂಸ್ಥೆಯು ೨೦೦೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿದೆ. ಅದೇ ನೀರಿನಲ್ಲಿ ತೊಳಸಿದ ಮುದ್ದೆ, ಕಾಯಿಸಿದ ಚಹಾಗಳ ಲೆಕ್ಕ ಬೇರೆ. ಚಹಾದ ಎಲೆಯಲ್ಲಿ ಸ್ವತಃ ಫ್ಲೋರೈಡ್ ಇರುತ್ತದೆ.

ಕುದಿಸಿ ಆರಿಸಿದರೆ ಸರಿಹೋಗುವುದಲ್ಲವೇ ಎಂದು ಕೇಳುವವರು ಅನೇಕರು. ಕುದಿಸುವುದರಿಂದ ವಾಂತಿಭೇದಿಯ ಕ್ರಿಮಿಗಳು ಸಾಯುತ್ತವೆ. ಫ್ಲೋರೈಡ್ ಕ್ರಿಮಿಯಲ್ಲ, ಲವಣ. ಉಪ್ಪುನೀರನ್ನು ಕುದಿಸಿದರೆ ಉಪ್ಪು ಹೋಗದೆ ಇನ್ನಷ್ಟು ಗಟ್ಟಿಯಾಗುವಂತೆ, ನೀರು ಆವಿಯಾದಷ್ಟೂ ಉಳಿದುದರಲ್ಲಿ ಇದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಾಗಲಿ, ಮಣ್ಣಿನ ಮಡಕೆಯಲ್ಲಿ ಇರಿಸುವುದರಿಂದಾಗಲಿ ನೆಚ್ಚಿಕೊಳ್ಳುವಂಥ ಪ್ರಯೋಜನವಿಲ್ಲ. ಸ್ನಾನಕ್ಕೆ, ಬಟ್ಟೆ ಪಾತ್ರೆಗಳಿಗೆ ಮಾತ್ರ ಆ ನೀರನ್ನು ನಿರ್ಭಯವಾಗಿ ಬಳಸಬಹುದು. ಕುಡಿಯುವುದಕ್ಕೂ ಅಡಿಗೆಗೂ ಬೇಕಾದ ಕೆಲವು ಕೊಡಗಳನ್ನು ಬದಲಾಯಿಸಿದರೆ ಸಾಕು.

ಆ ಕೆಲವು ಕೊಡಗಳು ಎಲ್ಲಿಂದ ಬರಬೇಕು? ಮೇಲುನೀರಿನಿಂದ, ಅಂದರೆ ಮಳೆಯಿಂದ, ಹೊಳೆಯಿಂದ, ಕೆರೆಯಿಂದ. ಮಳೆಯ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಅಲ್ಪ. ಈ ವಿಚಾರದಲ್ಲಿ ದುರ್ಗದವರಿಗೆ ಯಾರೂ ಪಾಠ ಹೇಳಬೇಕಾದುದಿಲ್ಲ. ಕೋಟೆಯನ್ನು ಹತ್ತಿದವರು ನೋಡಿಯೇ ಇರುತ್ತಾರೆ: ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅಲ್ಲಿಂದ ತುಂಬಿ ಹರಿದುದು ಅಕ್ಕತಂಗಿಯರ ಹೊಂಡಕ್ಕೆ, ಮುಂದೆ ಕೆಳಗಿನ ಸಿಹಿನೀರು ಹೊಂಡಕ್ಕೆ, ಸಂತೆಹೊಂಡಕ್ಕೆ ಇಳಿಯುವ ಏರ್ಪಾಡು. ಬಂಡೆಯೊಳಗಿನ ನೀರನ್ನು ಹುಡುಕದೆ ಬಂಡೆಯ ಮೇಲಿನ ನೀರನ್ನು ಹಿಡಿದಿಟ್ಟ ಪಾಳೆಯಗಾರರ ಕಾಲದವರಿಗೆ ಫ್ಲೋರೈಡಿನ ಹೆಸರು ತಿಳಿದಿರಲಿಲ್ಲ. ತಿಳಿದಿರಬೇಕಾದ ಅಗತ್ಯವೂ ಇರಲಿಲ್ಲ. ಮಾರಿಕಣಿವೆಯಲ್ಲಿ ವೇದಾವತಿಗೆ ೧೮೯೮ರಲ್ಲಿ ಮೊದಲಾಗಿ ೧೯೦೭ರಲ್ಲಿ ಕಟ್ಟಿ ಮುಗಿಸಿದ ವಾಣೀವಿಲಾಸ ಸಾಗರದಿಂದ ಹಿರಿಯೂರು ಮತ್ತು ಚಿತ್ರದುರ್ಗಗಳಿಗೆ ಕುಡಿಯುವ ನೀರು ಬರುತ್ತದೆ. ದುರ್ಗಕ್ಕೆ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದ, ಎಂದರೆ ಸೂಳೆಕೆರೆಯ, ನೀರೂ ಉಂಟು. ೧೯೩೩ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದುದು ೨೦೨೨ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ. ಅಂದು ಬಂಡಿಗಟ್ಟಲೆ ಜನ ನೋಡಲು ಹೋದರಷ್ಟೆ. ಆ ನೀರು ನಲ್ಲಿಯಾಗಿ ಹಳ್ಳಿಹಳ್ಳಿಯ ಮನೆಗೆ ತಲಪುವುದರಲ್ಲಿ ನನಗೆ ಅದಕ್ಕಿಂತ ದೊಡ್ಡ ಹಬ್ಬ ಕಾಣುತ್ತದೆ.

ನಲ್ಲಿ ಬರುವವರೆಗೆ ಹಳ್ಳಿಗಳಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕಗಳುಂಟು. ತೆಳು ಪೊರೆಯ ಮೂಲಕ ನೀರನ್ನು ಒತ್ತಿ ಹಾಯಿಸಿ ಲವಣಗಳನ್ನು ಹಿಂದಕ್ಕೆ ನಿಲ್ಲಿಸುವ ಯಂತ್ರ ಅದು. ಚೆನ್ನಾಗಿ ನಡೆಯುತ್ತಿರುವಾಗ ಅದರ ನೀರು ಬಹಳ ಒಳ್ಳೆಯದು. ಆದರೆ ಪೊರೆ ಹಳತಾದರೂ ಯಂತ್ರ ನೀರನ್ನೇನೋ ಕೊಡುತ್ತಲೇ ಇರುತ್ತದೆ; ನಾಣ್ಯ ನುಂಗುವುದನ್ನಂತೂ ಮರೆಯುವುದಿಲ್ಲ. ಅದರಿಂದ ಹೊರಬರುವ ನೀರನ್ನೂ ಆಗಾಗ ಪರೀಕ್ಷೆ ಮಾಡಿಸಬೇಕು. ಪಟಿಕ ಮತ್ತು ಸುಣ್ಣವನ್ನು ನೀರಿಗೆ ಹಾಕಿ ಕಲಕಿ, ತಿಳಿಯಾದ ಮೇಲೆ ಬಸಿದುಕೊಳ್ಳುವ ನಲ್ಗೊಂಡ ವಿಧಾನವನ್ನು ನಾಗಪುರದ ಸಂಶೋಧನಾಲಯದವರು ೧೯೭೦ರ ದಶಕದಲ್ಲಿ ರೂಪಿಸಿದರು. ಪಟಿಕದ ಪ್ರಮಾಣ ಆಯಾ ನೀರಿನ ಗುಣಕ್ಕೆ ತಕ್ಕಂತೆ ಬೇರೆಯಾಗುವುದರಿಂದ ತಿಳಿದವರು ಗೊತ್ತುಮಾಡಿ ಕೊಟ್ಟಲ್ಲದೆ ಮನೆಯಲ್ಲಿ ಕಣ್ಣಂದಾಜಿನಿಂದ ಮಾಡತಕ್ಕದ್ದಲ್ಲ.

ಆಹಾರದಿಂದಲೂ ಅಷ್ಟಿಷ್ಟು ರಕ್ಷಣೆ ದೊರೆಯುತ್ತದೆ. ಸುಣ್ಣದ ಅಂಶ ಸಾಕಷ್ಟಿರುವ ಊಟದೊಡನೆ ಸೇರಿದ ಫ್ಲೋರೈಡ್ ಕರುಳಿನಲ್ಲಿ ಹೀರಿಕೆಯಾಗುವುದು ಕಡಮೆ. ೧೯೭೦ರ ದಶಕದ ಮೊದಲಲ್ಲಿ ಆಂಧ್ರದ ಕೆಲವು ಹಳ್ಳಿಗಳಲ್ಲಿ ಮಂಡಿಗಳು ಒಂದಕ್ಕೊಂದು ತಾಗಿ ಕಾಲು ಸೊಟ್ಟಗಾದ ಎಳೆಯರು ಕಂಡುಬಂದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ೧೯೭೩ರಲ್ಲಿ ಲೋಕದ ಗಮನಕ್ಕೆ ತಂದರು; ಸುಣ್ಣ ಸಾಲದ ಬಡ ಊಟದ ಕೈವಾಡವೂ ಅದರಲ್ಲಿ ಇತ್ತೆಂಬುದು ಮುಂದೆ ತಿಳಿದುಬಂದಿತು. ನಮ್ಮ ಪುಣ್ಯಕ್ಕೆ ರಾಗಿಯುಂಟು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕಿದ ಸುಣ್ಣದ ಅಂಶವಿರುತ್ತದೆ. ಹಾಲು, ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು ಇವೂ ಒಳ್ಳೆಯವು. ಹುಣಿಸೆಹಣ್ಣು ತಿಂದ ಹುಡುಗರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊರಬಿದ್ದಿತೆಂದು ಅದೇ ಹೈದರಾಬಾದಿನ ಸಂಸ್ಥೆಯವರು ೨೦೦೨ರಲ್ಲಿ ವರದಿ ಮಾಡಿದ್ದಾರೆ. ನಮ್ಮ ಹುಳಿಸಾರಿಗೆ ಇದು ಸಂತೋಷದ ಸುದ್ದಿಯೇ. ಆದರೆ ಇವೆಲ್ಲ ಊರುಗೋಲುಗಳು. ನೀರು ಬದಲಾಗದೆ ಊಟ ಮಾತ್ರ ಬದಲಾದರೆ ಕಾರ್ಯ ಆಗದು.

ಇನ್ನು ಹೊಸದುರ್ಗದ ಸೋದರಿಯವರಿಗೆ ನೇರವಾಗಿ ಕೆಲವು ಮಾತು.

ನಿಮ್ಮ ಮಾವನವರಿಗೆ ಮನೆಯಲ್ಲಿಯೇ ಮೂರು ಪರೀಕ್ಷೆ ಮಾಡಿ ನೋಡಿ. ಗದ್ದವನ್ನು ಎದೆಗೆ ಮುಟ್ಟಿಸುವಂತೆ ಹೇಳಿ. ಎರಡು ಕೈಗಳನ್ನೂ ಎತ್ತಿ ತಲೆಯ ಹಿಂಭಾಗವನ್ನು ಮುಟ್ಟಿಕೊಳ್ಳುವಂತೆ ಹೇಳಿ. ನೆಲದ ಮೇಲೆ ಒಂದು ನಾಣ್ಯವನ್ನಿಟ್ಟು ಮಂಡಿ ಮಡಿಸದೆ ಎತ್ತಿಕೊಳ್ಳುವಂತೆ ಹೇಳಿ. ಇವು ಆಗದಿದ್ದರೆ ಅದೇ ಈ ರೋಗವೆಂದು ತೀರ್ಮಾನಿಸಬೇಡಿ. ಕೀಲಿನ ಬೇರೆ ರೋಗಗಳಲ್ಲಿಯೂ ಹೀಗಾಗುವುದುಂಟು. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮುಂಗೈಯ ಮತ್ತು ಬೆನ್ನಿನ ಕ್ಷ-ಕಿರಣ ಚಿತ್ರ ತೆಗೆಸಿ, ಮೂತ್ರವನ್ನೂ ಪರೀಕ್ಷೆ ಮಾಡಿಸಿ. ಕಾಲು ಸೋಲುತ್ತಿದ್ದರೆ, ಮೂತ್ರದ ಮೇಲೆ ಹತೋಟಿ ತಪ್ಪುತ್ತಿದ್ದರೆ ಒಂದು ದಿನವೂ ತಡಮಾಡಬಾರದು. ಕಟ್ಟಿದ ಮೂಳೆಯನ್ನು ಕರಗಿಸುವ ಔಷಧವಿಲ್ಲ. ಅಂಥದೊಂದು ತನ್ನಲ್ಲಿದೆ ಎಂದು ಯಾರಾದರೂ ಹೇಳಿದರೆ ಹಣ ಕೊಡಬೇಡಿ. ನೀರು ಬದಲಾಯಿಸಿದರೆ ಮೂಳೆಗೆ ಹೊಸದಾಗಿ ಸೇರುವುದು ನಿಲ್ಲುತ್ತದೆ. ಸೇರಿದುದರಲ್ಲಿ ಸ್ವಲ್ಪಭಾಗ ವರ್ಷವರ್ಷವೂ ಮೆಲ್ಲಗೆ ಹೊರಹೋಗುತ್ತದೆ.

ಮಗಳ ಹಲ್ಲಿಗೆ ಉಪಾಯವಿದೆ. ಕಲೆಯಿರುವ ಮೇಲ್ಪದರವನ್ನು ದಂತವೈದ್ಯರು ಹದವರಿತು ನವುರಾಗಿ ಸವೆಸಬಲ್ಲರು. ಕಲೆ ಆಳವಾಗಿದ್ದರೆ ಹಲ್ಲಿನದೇ ಬಣ್ಣದ ಲೇಪವನ್ನು ಹಚ್ಚಿ ಮುಚ್ಚಬಲ್ಲರು. ಸರ್ಕಾರದ ದಂತ ವೈದ್ಯರಲ್ಲಿ ಮೊದಲು ತೋರಿಸಿ. ಅಲ್ಲಿಯವರೆಗೆ ಇಟ್ಟಿಗೆಯ ಪುಡಿಯನ್ನು ತಿಪ್ಪೆಗೆ ಹಾಕಿ.

ನನ್ನ ಚಿಂತೆಯೆಲ್ಲ ನೀವು ಒಂದೇ ಸಾಲಿನಲ್ಲಿ ಬರೆದ ಆ ಮೂರು ವರ್ಷದ ಮಗುವಿನ ಮೇಲೆ. ಅವನ ಮಲ್ಲಿಗೆಯ ಮೊಗ್ಗುಗಳು ಹಾಲುಹಲ್ಲುಗಳು. ಅವುಗಳ ಎನಾಮಲ್ ಬಹುಮಟ್ಟಿಗೆ ನಿಮ್ಮ ಗರ್ಭದಲ್ಲಿಯೂ ಮೊಲೆಹಾಲಿನ ತಿಂಗಳುಗಳಲ್ಲಿಯೂ ಕಟ್ಟಿದ್ದು. ತಾಯಿ ಎಂಥ ನೀರು ಕುಡಿದರೂ ಮೊಲೆಹಾಲಿಗೆ ಇಳಿಯುವ ಫ್ಲೋರೈಡ್ ಅತ್ಯಲ್ಪ. ಡಬ್ಬದ ಪುಡಿಯನ್ನು ಆ ನೀರಿನಲ್ಲಿ ಕಲಸಿ ಕುಡಿಸಿದ್ದರೆ ಕಥೆ ಬೇರೆಯಾಗುತ್ತಿತ್ತು. ಅವನ ಶಾಶ್ವತವಾದ ಹಲ್ಲುಗಳು ಈಗ, ಈ ವಾರ, ದವಡೆಯೊಳಗೆ ರೂಪುಗೊಳ್ಳುತ್ತಿವೆ. ಮುಂದಿನ ಎರಡು ಹಲ್ಲುಗಳ ಮೇಲೆ ಕೆಲವು ಗುರುತು ಈಗಾಗಲೇ ಬಿದ್ದಿರಬಹುದು. ಉಳಿದವುಗಳ ಕೆಲಸ ಎಂಟು ವರ್ಷ ತುಂಬುವವರೆಗೂ ನಡೆಯುತ್ತದೆ. ಮೂಳೆಯ ಕೆಲಸ ಅದಕ್ಕೂ ಮುಂದಕ್ಕೆ. ಅವನು ಪೇಸ್ಟನ್ನು ನುಂಗದಂತೆಯೂ ನೋಡಿಕೊಳ್ಳಿ.

ಒಂದು ಲೀಟರಿನ ಪ್ಲಾಸ್ಟಿಕ್ ಶೀಸೆಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ, ತುಂಬಿ, ಮುಚ್ಚಳ ಬಿಗಿಯಾಗಿ ಹಾಕಿ. ಗಾಜಿನ ಶೀಸೆ ಬೇಡ; ಫ್ಲೋರೈಡ್ ಗಾಜಿನೊಡನೆ ಸೇರಬಹುದಾದ್ದರಿಂದ ಲೆಕ್ಕ ತಪ್ಪುವ ಸಂಭವವಿದೆ. ನೀರು ಯಾವ ಕೊಳವೆಬಾವಿಯದು, ಯಾವ ದಿನ ಹಿಡಿದದ್ದು ಎಂಬುದನ್ನು ಚೀಟಿಯಲ್ಲಿ ಬರೆದು ಅಂಟಿಸಿ. ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷೆಯ ಪೆಟ್ಟಿಗೆ ಇದ್ದರೆ ಅಲ್ಲಿಯೇ ಸ್ಥೂಲವಾಗಿ ತಿಳಿಯುತ್ತದೆ: ಗುಲಾಬಿ ಬಣ್ಣ ಹಳದಿಯ ಕಡೆಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಸರಿಯಾದ ಅಂಕಿ ಬೇಕಾದರೆ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಾಲಯಕ್ಕೆ ಕಳುಹಿಸಿ. ಅಂಕಿ ೧.೫ನ್ನು ಮೀರಿದ್ದರೆ ಊರಿನ ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ಪಂಚಾಯಿ­ತಿಗೆ ಹೋಗಿ. ನಿಮ್ಮ ಮನೆಯ ಕೊಡ ಒಂದೇ ಅಲ್ಲವಷ್ಟೆ ಆ ನಲ್ಲಿಯ ಕೆಳಗೆ ಇಡುವುದು. ಪರೀಕ್ಷೆಯ ಫಲ ಕೈಸೇರುವವರೆಗೆ ಕಾಯದೆ, ನಾಳೆಯಿಂದಲೇ ಆ ಮಗುವಿನ ಕುಡಿಯುವ ನೀರನ್ನೂ ಅನ್ನ ಬೇಯಿಸುವ ನೀರನ್ನೂ ಬೇರೆ ಕಡೆಯಿಂದ ತನ್ನಿ.

ಅಂಕಿ ಎಷ್ಟು ಬಂದಿತೆಂದು ನನಗೆ ಬರೆಯಿರಿ.